ಇಂಟರ್ನೆಟ್ಟು ಯುದ್ಧದ ಕೂಸೇ?

ಇಂಟರ್ನೆಟ್ಟಿನ ಹುಟ್ಟಿನ ಬಗ್ಗೆ ಎರಡು ಕತೆಗಳು ಚಾಲ್ತಿಯಲ್ಲಿವೆ. ರಸಪ್ರಶ್ನೆಯ ಪುಸ್ತಕಗಳಲ್ಲೂ ಪತ್ರಿಕೆಗಳ ವಿಜ್ಞಾನದ ಪುಟಗಳಲ್ಲೂ ಸಿಗುವುದು ಮೊದಲನೆಯ ಕತೆ. ಸೋವಿಯತ್ ಒಕ್ಕೂಟ ಅಣುಬಾಂಬು ಹಾಕಿದರೂ ತನ್ನ ಸೇನಾಧಿಕಾರಿಗಳ ನಡುವಿನ ಮಾತು ನಿಲ್ಲಬಾರದೆಂದು ಅಮೆರಿಕದ ಸೈನ್ಯ ಒಂದು ಜಾಲವನ್ನು ಕಟ್ಟಿಸಿತು, ಅದೇ ಬೆಳೆದು ಇಂಟರ್ನೆಟ್ ಆಯಿತು ಎನ್ನುತ್ತದೆ ಅದು. ಎರಡನೆಯದು ಆ ಜಾಲವನ್ನು ಕಟ್ಟಿದ ಎಂಜಿನಿಯರುಗಳೇ ಹೇಳುವ ಕತೆ. ಬಾಂಬಿನ ಮಾತೆಲ್ಲ ದಂತಕತೆ, ದುಬಾರಿ ಕಂಪ್ಯೂಟರುಗಳನ್ನು ನಾಲ್ಕಾರು ವಿಶ್ವವಿದ್ಯಾಲಯಗಳು ಹಂಚಿಕೊಂಡು ಬಳಸಲಿ ಎಂಬುದಷ್ಟೇ ನಮ್ಮ ಉದ್ದೇಶವಾಗಿತ್ತು ಎನ್ನುತ್ತಾರೆ ಅವರು.

ತಂತ್ರಜ್ಞಾನದ ಇತಿಹಾಸ ಓದುವ ನನ್ನಂಥವರಿಗೆ ಎರಡೂ ಕತೆಗಳು ಹೇಳುವವರಿಗೆ ಬಹಳ ಅನುಕೂಲವಾಗಿರುವಂತೆ ಕಾಣುತ್ತವೆ. ಮೊದಲನೆಯದು ಸೈನ್ಯಕ್ಕೆ ದೂರದೃಷ್ಟಿಯ ಕಿರೀಟ ತೊಡಿಸುತ್ತದೆ. ಎರಡನೆಯದು ವಿಜ್ಞಾನಿಗಳ ಕೈ ತೊಳೆದುಬಿಡುತ್ತದೆ. ಆದರೆ 1960ರಿಂದ 1990ರವರೆಗಿನ ಮೂವತ್ತು ವರ್ಷಗಳನ್ನು ಕ್ರಮವಾಗಿ ನೋಡುತ್ತ ಹೋದರೆ ಸಿಗುವ ಚಿತ್ರ ಬೇರೆ. ಸೈನ್ಯಕ್ಕೆಂದೇ ಯೋಚಿಸಿದ ಜಾಲವನ್ನು ಯಾರೂ ಕಟ್ಟಲಿಲ್ಲ. ಸೈನ್ಯದ ಹಣದಲ್ಲಿ ವಿಜ್ಞಾನಿಗಳು ತಮಗೆ ಬೇಕಾದ ಇನ್ನೊಂದು ಜಾಲ ಕಟ್ಟಿಕೊಂಡರು. ಆಮೇಲೆ ರಣರಂಗದ ಅಗತ್ಯಗಳು ಒಳಗೆ ಬಂದು ಆ ಜಾಲದ ಗುಣವನ್ನೇ ಬದಲಿಸಿದವು. ಕೊನೆಗೆ ಸೈನ್ಯ ತನ್ನ ಪಾಲಿಗೆ ಬೇಲಿ ಹಾಕಿಕೊಂಡು ಬೇರೆಯಾಯಿತು. ಈ ಲೇಖನ ಆ ನಾಲ್ಕು ಹೆಜ್ಜೆಗಳ ಬಗ್ಗೆ.

ಕಟ್ಟದೆ ಉಳಿದ ಜಾಲ

ಪಾಲ್ ಬರಾನ್ ಹುಟ್ಟಿದ್ದು 1926ರಲ್ಲಿ, ಆಗ ಪೋಲೆಂಡಿನಲ್ಲಿದ್ದ ಗ್ರೊಡ್ನೊ ಎಂಬ ಊರಿನಲ್ಲಿ. ಎಳೆಯ ವಯಸ್ಸಿನಲ್ಲೇ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. 1959ರಲ್ಲಿ ಅವರು ಕ್ಯಾಲಿಫೋರ್ನಿಯಾದ ರ್‍ಯಾಂಡ್ ಸಂಸ್ಥೆಯನ್ನು ಸೇರಿದರು. ಅಮೆರಿಕದ ವಾಯುಪಡೆಗಾಗಿ ಯುದ್ಧತಂತ್ರದ ಅಧ್ಯಯನಗಳನ್ನು ಮಾಡುತ್ತಿದ್ದ ಸಂಸ್ಥೆ ಅದು. ಎರಡೂ ಕಡೆ ಕ್ಷಿಪಣಿಗಳು ತುದಿಗಾಲಲ್ಲಿ ನಿಂತಿದ್ದ ಕಾಲ. ಬರಾನ್ ಅವರನ್ನು ಕಾಡಿದ್ದು ಕ್ಷಿಪಣಿಗಳಿಗಿಂತ ಹೆಚ್ಚಾಗಿ ಟೆಲಿಫೋನು.

ಅಂದಿನ ಟೆಲಿಫೋನ್ ವ್ಯವಸ್ಥೆ ಒಂದು ಮರದಂತೆ ಇತ್ತು. ಮನೆಯ ತಂತಿ ಊರಿನ ಎಕ್ಸ್‌ಚೇಂಜಿಗೆ, ಅಲ್ಲಿಂದ ಅದಕ್ಕಿಂತ ದೊಡ್ಡ ಎಕ್ಸ್‌ಚೇಂಜಿಗೆ, ಹೀಗೆ ರೆಂಬೆಯಿಂದ ಕೊಂಬೆಗೆ, ಕೊಂಬೆಯಿಂದ ಕಾಂಡಕ್ಕೆ. ಟ್ರಂಕ್ ಕಾಲ್ ಮಾಡಿದ ತಲೆಮಾರಿನವರಿಗೆ ಈ ಏರ್ಪಾಡು ನೆನಪಿರಬಹುದು. ಕಾಂಡಕ್ಕೆ ಕೊಡಲಿ ಬಿದ್ದರೆ ಎಲೆಗಳೆಲ್ಲ ಒಮ್ಮೆಗೇ ಮೂಕವಾಗುತ್ತವೆ. ಬಾಂಬು ಬೀಳುವ ಮೊದಲ ಗಂಟೆಯಲ್ಲೇ ಅಧ್ಯಕ್ಷರಿಗೂ ಸೇನಾ ನೆಲೆಗಳಿಗೂ ಮಾತು ಕಡಿದುಹೋದರೆ ಏನಾಗುತ್ತದೆ? ‘ಆಮೇಲೆ ಆದೇಶ ಕೊಡಲು ಆಗದೇ ಹೋಗಬಹುದು, ಈಗಲೇ ಹಾರಿಸಿಬಿಡೋಣ’ ಎಂಬ ಆತುರ ಹುಟ್ಟುತ್ತದೆ. ಮಾತು ಕಡಿದುಹೋಗುವ ಭಯವೇ ಯುದ್ಧವನ್ನು ಹತ್ತಿರ ತರುತ್ತದೆ ಎಂಬುದು ಬರಾನ್ ಅವರ ತರ್ಕ.

ಈ ಭಯ ಕಾಗದದ ಮೇಲಿನದಾಗಿರಲಿಲ್ಲ. 1962ರ ಅಕ್ಟೋಬರಿನ ಕ್ಯೂಬಾ ಬಿಕ್ಕಟ್ಟಿನಲ್ಲಿ ಕ್ರುಶ್ಚೇವ್ ಕಳಿಸಿದ ದೀರ್ಘ ಪತ್ರವೊಂದು ಕೆನಡಿಯವರ ಕೈಸೇರಲು ಹಲವು ಗಂಟೆಗಳೇ ಹಿಡಿದವು. ಆ ಪಾಠದಿಂದ 1963ರಲ್ಲಿ ವಾಷಿಂಗ್ಟನ್ನಿಗೂ ಮಾಸ್ಕೋಗೂ ನಡುವೆ ‘ಹಾಟ್‌ಲೈನ್’ ಬಂತು. ಲಂಡನ್, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿಗಳ ಮೂಲಕ ಹಾಯುವ ಟೆಲಿಪ್ರಿಂಟರ್ ತಂತಿ ಅದು. ಫಿನ್ಲೆಂಡಿನಲ್ಲಿ ಹೊಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಸಿಕ್ಕಿ ಅದೂ ಒಮ್ಮೆ ಕಡಿದುಹೋಯಿತು. ಒಂದೇ ದಾರಿಯನ್ನು ನಂಬಿಕೊಂಡರೆ ಬಾಂಬೇ ಬೇಕಿಲ್ಲ, ನೇಗಿಲೇ ಸಾಕು.

ಬರಾನ್ ಮರವನ್ನು ಬಿಟ್ಟು ಮೀನಿನ ಬಲೆಯನ್ನು ಹಿಡಿದರು. ಬಲೆಯಲ್ಲಿ ಪ್ರತಿ ಗಂಟಿಗೂ ಅಕ್ಕಪಕ್ಕದ ಹಲವು ಗಂಟುಗಳ ನಂಟಿರುತ್ತದೆ, ನಡುವೆ ಒಂದಷ್ಟು ಹರಿದರೂ ಉಳಿದ ಬಲೆ ಹಿಡಿದುಕೊಂಡಿರುತ್ತದೆ. ಪ್ರತಿ ಕೇಂದ್ರಕ್ಕೂ ಮೂರು ನಾಲ್ಕು ಕೊಂಡಿಗಳಿದ್ದರೆ ಸಾಕು, ಅರ್ಧದಷ್ಟು ಕೇಂದ್ರಗಳು ನಾಶವಾದರೂ ಉಳಿದವು ಪರಸ್ಪರ ಮಾತಾಡಿಕೊಳ್ಳಬಲ್ಲವು ಎಂದು ಅವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಸಂದೇಶವನ್ನು 1024 ಬಿಟ್‌ಗಳ ತುಂಡುಗಳಾಗಿ ಕತ್ತರಿಸಬೇಕು. ಪ್ರತಿ ತುಂಡಿನ ಮೇಲೂ ವಿಳಾಸವಿರಬೇಕು. ಕೈಗೆ ಬಂದ ತುಂಡನ್ನು ಪ್ರತಿ ಕೇಂದ್ರವೂ ಸುಡುವ ಕೆಂಡದಂತೆ ಕೂಡಲೇ ಮುಂದಿನವರಿಗೆ ದಾಟಿಸಬೇಕು. ಯಾವ ದಾರಿ ತೆರೆದಿದೆ ಎಂಬುದನ್ನು ಆಯಾ ಕೇಂದ್ರವೇ ಕಂಡುಕೊಳ್ಳಬೇಕು. ಮೇಲಿನಿಂದ ಅಪ್ಪಣೆ ಕೊಡುವ ಯಜಮಾನ ಯಂತ್ರ ಇರಕೂಡದು. 1964ರಲ್ಲಿ ಇದೆಲ್ಲ ಹನ್ನೊಂದು ಸಂಪುಟಗಳ ವರದಿಯಾಗಿ ಹೊರಬಂತು.

ವರದಿ ಗೋಪ್ಯವಾಗಿರಲಿಲ್ಲ. ಅದನ್ನು ಬರಾನ್ ಬೇಕೆಂದೇ ಬಹಿರಂಗವಾಗಿಟ್ಟರು. ಎದುರಾಳಿಯ ಸಂಪರ್ಕ ವ್ಯವಸ್ಥೆಯೂ ಗಟ್ಟಿಯಾಗಿದ್ದರೆ ಅವನೂ ಆತುರಪಡುವುದಿಲ್ಲ, ಆದ್ದರಿಂದ ಸೋವಿಯತ್ತರೂ ಇದನ್ನು ಓದಿ ಕಟ್ಟಿಕೊಳ್ಳಲಿ ಎಂಬುದು ಅವರ ನಿಲುವು. ಸೈನಿಕ ಸಂಪರ್ಕದ ಇತಿಹಾಸದಲ್ಲಿ ಇಂಥ ಮಾತು ಅಪರೂಪ.

ಆದರೆ ದೇಶದ ದೂರದ ತಂತಿಗಳೆಲ್ಲ ಇದ್ದದ್ದು ಎಟಿ ಅಂಡ್ ಟಿ ಎಂಬ ಒಂದೇ ಖಾಸಗಿ ಕಂಪನಿಯ ಕೈಯಲ್ಲಿ. ಅಲ್ಲಿನ ಎಂಜಿನಿಯರುಗಳು ಇಡೀ ಜೀವನ ಧ್ವನಿಯನ್ನು ತಂತಿಯಲ್ಲಿ ಹರಿಸಿದವರು. ಧ್ವನಿಯ ಸಂಕೇತ ಒಂದೊಂದು ಸ್ವಿಚ್ಚು ದಾಟಿದಾಗಲೂ ಸ್ವಲ್ಪ ಕೆಡುತ್ತದೆ, ಜೆರಾಕ್ಸಿನ ಜೆರಾಕ್ಸು ಮಸುಕಾದಂತೆ. ಹತ್ತಾರು ಗಂಟುಗಳನ್ನು ದಾಟಿಸುವ ಬಲೆ ಅವರಿಗೆ ಹುಚ್ಚಾಟವಾಗಿ ಕಂಡಿತು. ಅಂಕಿಗಳ ರೂಪದ ಸಂಕೇತವನ್ನು ಪ್ರತಿ ಗಂಟಿನಲ್ಲೂ ಹೊಸದಾಗಿ ಬರೆದುಕೊಳ್ಳಬಹುದು, ಅದು ಮಸುಕಾಗುವುದಿಲ್ಲ ಎಂದು ಬರಾನ್ ಎಷ್ಟು ವಿವರಿಸಿದರೂ ಅವರು ಒಪ್ಪಲಿಲ್ಲ. ಕೆಲಸ ಮಾಡಿದರೆ ತಮಗೇ ಪ್ರತಿಸ್ಪರ್ಧಿ ಹುಟ್ಟುತ್ತದೆ ಎಂಬ ಲೆಕ್ಕವೂ ಅದರಲ್ಲಿತ್ತು. ವಾಯುಪಡೆ ಯೋಜನೆಯನ್ನು ಒಪ್ಪಿತಾದರೂ ಕೆಲಸವನ್ನು ರಕ್ಷಣಾ ಸಂಪರ್ಕ ಇಲಾಖೆಗೆ ಒಪ್ಪಿಸುವ ಮಾತು ಬಂತು. ಆ ಇಲಾಖೆಯಲ್ಲಿ ಡಿಜಿಟಲ್ ತಂತ್ರಜ್ಞಾನ ಬಲ್ಲವರು ಇರಲಿಲ್ಲ. ಅವರ ಕೈಯಲ್ಲಿ ಯೋಜನೆ ಕೆಟ್ಟರೆ ಮುಂದೆ ಯಾರೂ ಅದನ್ನು ಮುಟ್ಟುವುದಿಲ್ಲವೆಂದು ಬರಾನ್ ತಾವೇ ಅದನ್ನು ನಿಲ್ಲಿಸಲು ಸಲಹೆ ಕೊಟ್ಟರು. ಅಣುಯುದ್ಧವನ್ನು ತಾಳಿಕೊಳ್ಳಲು ರೂಪಿಸಿದ ಜಾಲ ಹೀಗೆ ಕಾಗದದಲ್ಲೇ ಉಳಿಯಿತು.

ಮೂರು ಟರ್ಮಿನಲ್‌ಗಳ ಕೋಣೆ

ಎರಡನೆಯ ಹೆಜ್ಜೆ ಪೆಂಟಗನ್ನಿನ ಒಂದು ಕೋಣೆಯಲ್ಲಿ ಶುರುವಾಗುತ್ತದೆ. 1957ರಲ್ಲಿ ಸ್ಪುಟ್ನಿಕ್ ಹಾರಿದ ಬೆನ್ನಿಗೆ ಅಮೆರಿಕದ ರಕ್ಷಣಾ ಇಲಾಖೆ 1958ರಲ್ಲಿ ಅರ್ಪಾ ಎಂಬ ಸಂಶೋಧನಾ ಸಂಸ್ಥೆಯನ್ನು ಹುಟ್ಟುಹಾಕಿತ್ತು. 1966ರಲ್ಲಿ ಅದರ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ಬಾಬ್ ಟೇಲರ್ ಅವರ ಕಚೇರಿಗೆ ಹೊಂದಿಕೊಂಡಂತೆ ಮೂರು ಟರ್ಮಿನಲ್ಲುಗಳಿದ್ದವು. ಒಂದು ಎಂಐಟಿಯ ಕಂಪ್ಯೂಟರಿಗೆ, ಇನ್ನೊಂದು ಬರ್ಕ್ಲಿಗೆ, ಮತ್ತೊಂದು ಸಾಂಟಾ ಮೋನಿಕಾಕ್ಕೆ. ಮೂರಕ್ಕೂ ಬೇರೆ ಬೇರೆ ಆಜ್ಞೆಗಳು, ಬೇರೆ ಬೇರೆ ನಿಯಮಗಳು. ಒಂದರಿಂದ ಇನ್ನೊಂದಕ್ಕೆ ಮಾತಾಡಬೇಕೆಂದರೆ ಎದ್ದು ಹೋಗಿ ಬೇರೆ ಕುರ್ಚಿಯಲ್ಲಿ ಕೂರಬೇಕು. ಒಂದೇ ಟರ್ಮಿನಲ್ಲಿನಿಂದ ಎಲ್ಲ ಕಡೆಗೂ ಹೋಗುವಂತಾದರೆ? ಅರ್ಪಾದ ನಿರ್ದೇಶಕರ ಮುಂದೆ ಇದನ್ನಿಟ್ಟು ಸುಮಾರು ಇಪ್ಪತ್ತು ನಿಮಿಷಗಳ ಮಾತುಕತೆಯಲ್ಲಿ ಟೇಲರ್ ಹತ್ತು ಲಕ್ಷ ಡಾಲರ್ ಪಡೆದು ಬಂದರು. ಅಣುಯುದ್ಧಕ್ಕೂ ಅರ್ಪಾನೆಟ್ಟಿಗೂ ಸಂಬಂಧವಿರಲಿಲ್ಲವೆಂದು ಅವರು ಆಮೇಲೆ ಮತ್ತೆ ಮತ್ತೆ ಹೇಳಿದರು.

ಅದೇ ಹೊತ್ತಿಗೆ ಇಂಗ್ಲೆಂಡಿನ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿ ಡೊನಾಲ್ಡ್ ಡೇವಿಸ್ ಎಂಬವರು 1965ರಲ್ಲಿ, ಬರಾನ್ ಅವರ ಹೆಸರನ್ನೂ ಕೇಳದೆ, ಸಂದೇಶವನ್ನು ತುಂಡು ಮಾಡಿ ಕಳಿಸುವ ಇದೇ ಉಪಾಯಕ್ಕೆ ಬಂದಿದ್ದರು. ಅವರ ತಲೆಯಲ್ಲಿದ್ದದ್ದು ಯುದ್ಧವಲ್ಲ, ಒಂದು ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವುದು ಹೇಗೆಂಬ ಪ್ರಶ್ನೆ. ಆ ತುಂಡಿಗೊಂದು ಹೆಸರು ಬೇಕಾದಾಗ ಅವರು ಭಾಷಾತಜ್ಞರೊಬ್ಬರನ್ನು ಕೇಳಿ, ಬೇರೆ ಭಾಷೆಗಳಿಗೂ ಸುಲಭವಾಗಿ ಹೋಗಬಲ್ಲ ಶಬ್ದವನ್ನು ಆರಿಸಿಕೊಂಡರಂತೆ: ಪ್ಯಾಕೆಟ್. ಕಾಫಿಪುಡಿಗೂ ಬಿಸ್ಕತ್ತಿಗೂ ‘ಪ್ಯಾಕೆಟ್ಟು’ ಎನ್ನುವ ನಾವು ಆ ಆಯ್ಕೆ ಸರಿಯಾಗಿತ್ತೆಂದು ಒಪ್ಪಲೇಬೇಕು.

1967ರ ಅಕ್ಟೋಬರಿನಲ್ಲಿ ಟೆನೆಸಿಯ ಗ್ಯಾಟ್ಲಿನ್‌ಬರ್ಗ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಅರ್ಪಾದ ಲ್ಯಾರಿ ರಾಬರ್ಟ್ಸ್ ತಮ್ಮ ಜಾಲದ ನಕ್ಷೆ ಮಂಡಿಸಿದರು. ಡೇವಿಸ್ ಅವರ ತಂಡದಿಂದ ಬಂದಿದ್ದ ರೋಜರ್ ಸ್ಕ್ಯಾಂಟಲ್‌ಬರಿ ಅವರಿಗೆ ಪ್ಯಾಕೆಟ್ಟಿನ ವಿಚಾರದ ಜೊತೆಗೆ ಬರಾನ್ ಅವರ ವರದಿಗಳನ್ನೂ ನೆನಪಿಸಿದರು. ತನ್ನದೇ ದೇಶದ ಸೈನ್ಯಕ್ಕಾಗಿ ಬರೆದ ವರದಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧಕರ ಕೈಗೆ ಹೀಗೆ ಇಂಗ್ಲೆಂಡ್ ಸುತ್ತಿ ಬಂದು ಸೇರಿತು.

1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೋಯಿತು. ‘ಲಾಗಿನ್’ ಎಂದು ಟೈಪು ಮಾಡಲು ಹೊರಟರೆ ಮೊದಲ ಎರಡು ಅಕ್ಷರಗಳು ತಲುಪಿದ ಮೇಲೆ ಆಚೆಯ ಕಂಪ್ಯೂಟರ್ ಕೈಕೊಟ್ಟಿತು. ಆ ವರ್ಷದ ಕೊನೆಗೆ ನಾಲ್ಕು ಕೇಂದ್ರಗಳಾದವು. ಇದು ಬಾಂಬು ತಾಳಿಕೊಳ್ಳಲೆಂದು ಕಟ್ಟಿದ್ದಲ್ಲ ಎಂಬುದಕ್ಕೆ ನಕ್ಷೆಯೇ ಸಾಕ್ಷಿ. ಬರಾನ್ ಕೇಳಿದ್ದು ಪ್ರತಿ ಗಂಟಿಗೂ ಮೂರು ನಾಲ್ಕು ಕೊಂಡಿ, ಅರ್ಪಾನೆಟ್ಟಿನ ಬಹುಪಾಲು ಕೇಂದ್ರಗಳಿಗೆ ಇದ್ದದ್ದು ಎರಡೇ. ತಂತಿಗಳೂ ಅದೇ ಟೆಲಿಫೋನ್ ಕಂಪನಿಯಿಂದ ಬಾಡಿಗೆಗೆ ಪಡೆದವು. ಪ್ಯಾಕೆಟ್ಟುಗಳನ್ನು ದಾಟಿಸುವ ಹನಿವೆಲ್ ಯಂತ್ರಕ್ಕೆ ಮಾತ್ರ ಸೈನ್ಯಕ್ಕೆ ತಕ್ಕಂಥ ಉಕ್ಕಿನ ಕವಚವಿತ್ತು. ಯಂತ್ರವನ್ನು ಒದಗಿಸಿದ ಬಿಬಿಎನ್ ಕಂಪನಿಯವರು ಹೆದರಿದ್ದು ಶತ್ರುವಿಗಲ್ಲ, ಕುತೂಹಲದಿಂದ ಕೈಯಾಡಿಸುವ ಸಂಶೋಧನಾ ವಿದ್ಯಾರ್ಥಿಗಳಿಗೆ. ಅದೇ ಕುಲದವಳಾದ ನನಗೆ ಈ ಭಯ ಸಕಾರಣವೆಂದೇ ತೋರುತ್ತದೆ.

ಹಾಗಾದರೆ ಸೈನ್ಯ ಈ ಕತೆಯಿಂದ ಹೊರಗೇ ಇತ್ತೇ? ಹಾಗೂ ಹೇಳಲಾಗುವುದಿಲ್ಲ. ಇದೇ ಟೇಲರ್ ಅವರನ್ನು ಆ ವರ್ಷಗಳಲ್ಲಿ ವಿಯೆಟ್ನಾಮಿಗೆ ಕಳಿಸಲಾಯಿತು. ಅಲ್ಲಿಂದ ಬರುತ್ತಿದ್ದ ಯುದ್ಧದ ಲೆಕ್ಕಪತ್ರಗಳಲ್ಲಿ ಭೂಸೇನೆಯದೊಂದು ಅಂಕಿ, ನೌಕಾಪಡೆಯದೊಂದು, ವಾಯುಪಡೆಯದು ಇನ್ನೊಂದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿತ್ತು. ಟೇಲರ್ ಅಲ್ಲಿ ಕಂಪ್ಯೂಟರ್ ಕೇಂದ್ರವೊಂದನ್ನು ಏರ್ಪಡಿಸಿ ವರದಿಗಳನ್ನು ಒಂದೇ ಅಚ್ಚಿಗೆ ತಂದರು. ಸಂಪನ್ಮೂಲ ಹಂಚಿಕೊಳ್ಳುವ ಜಾಲದ ಕನಸು ಕಂಡವರೂ ಯುದ್ಧದ ಲೆಕ್ಕ ಸರಿಮಾಡಿದವರೂ ಒಬ್ಬರೇ.

ವಿದ್ಯಾರ್ಥಿಗಳು ಇದನ್ನು ಗಮನಿಸಿದ್ದರು. ಅರ್ಪಾ ಹಣದಲ್ಲಿ ರೂಪುಗೊಂಡ ‘ಇಲಿಯಾಕ್ 4’ ಎಂಬ ಮಹಾಗಣಕ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಬರಬೇಕಿತ್ತು. ಅದರ ಸಮಯದ ದೊಡ್ಡ ಪಾಲು ರಕ್ಷಣಾ ಇಲಾಖೆಗೆ ಹೋಗುತ್ತದೆಂಬ ಸುದ್ದಿ 1970ರಲ್ಲಿ ವಿದ್ಯಾರ್ಥಿ ಪತ್ರಿಕೆಯಲ್ಲಿ ಬಂದಾಗ ಪ್ರತಿಭಟನೆ ಎದ್ದಿತು. ಕೊನೆಗೆ ಆ ಯಂತ್ರ ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರಕ್ಕೆ ಹೋಯಿತು. ಸೈನ್ಯ ನಾಗರಿಕರ ಮೇಲೆ ಕಲೆಹಾಕಿದ್ದ ಕಡತಗಳು ಅರ್ಪಾನೆಟ್ಟಿನ ಮೂಲಕ ಸಾಗಿವೆ ಎಂದು 1975ರಲ್ಲಿ ಎನ್‌ಬಿಸಿ ಟಿವಿ ವರದಿ ಮಾಡಿದಾಗ ವಿಷಯ ಸೆನೆಟ್ಟಿನ ವಿಚಾರಣೆಯವರೆಗೂ ಹೋಯಿತು. ‘ನಾವು ಕಟ್ಟಿದ್ದು ವಿಜ್ಞಾನಕ್ಕಾಗಿ’ ಎಂಬ ಮಾತು ಪ್ರಾಮಾಣಿಕವೇ ಇರಬಹುದು. ಯಾರಿಗಾಗಿ ಎಂಬ ವಿದ್ಯಾರ್ಥಿಗಳ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ವ್ಯಾನಿನಿಂದ ಹೊರಟ ಪ್ಯಾಕೆಟ್ಟು

ಅರ್ಪಾನೆಟ್ ಒಂದು ಜಾಲ. ಇಂಟರ್ನೆಟ್ ಎಂದರೆ ಜಾಲಗಳ ಜಾಲ. ಒಂದರಿಂದ ಇನ್ನೊಂದಕ್ಕೆ ಜಿಗಿದದ್ದು ಹೇಗೆ ಎಂದು ಕೇಳಿದರೆ ಎಂಜಿನಿಯರುಗಳ ಕತೆ ಕುಂಟತೊಡಗುತ್ತದೆ. ಏಕೆಂದರೆ ಆ ಜಿಗಿತದ ಹಿಂದೆ ಟ್ಯಾಂಕುಗಳೂ ಹಡಗುಗಳೂ ಇದ್ದವು.

1972ರ ಕೊನೆಯಲ್ಲಿ ಬಾಬ್ ಕಾನ್ ಅರ್ಪಾ ಸೇರಿದರು. ಸೈನ್ಯ ಕಂಪ್ಯೂಟರುಗಳನ್ನು ಆದೇಶ ಮತ್ತು ನಿಯಂತ್ರಣಕ್ಕೆ ಬಳಸಬೇಕೆಂದರೆ ಅವು ಹವಾನಿಯಂತ್ರಿತ ಕೋಣೆಯಲ್ಲಿ ಕೂತರೆ ಸಾಲದು. ಟ್ಯಾಂಕು, ಹಡಗು, ವಿಮಾನಗಳಿಗೆ ತಂತಿ ಎಳೆಯಲಾಗುವುದಿಲ್ಲ. ನೆಲದ ಮೇಲೆ ಚಲಿಸುವವರಿಗೆ ಪ್ಯಾಕೆಟ್ ರೇಡಿಯೋ, ಸಾಗರ ದಾಟಲು ಉಪಗ್ರಹ, ಇವೆರಡನ್ನೂ ತಂತಿಯ ಅರ್ಪಾನೆಟ್ಟಿಗೆ ಬೆಸೆಯಬೇಕು. ನಾರ್ಮನ್ ಅಬ್ರಾಮ್ಸನ್ ಹವಾಯಿಯ ದ್ವೀಪಗಳ ನಡುವೆ 1971ರಲ್ಲಿ ನಡೆಸಿದ ‘ಅಲೋಹಾ’ ಜಾಲ ರೇಡಿಯೋದಲ್ಲೂ ಪ್ಯಾಕೆಟ್ ಸಾಗುತ್ತದೆಂದು ಆಗಲೇ ತೋರಿಸಿತ್ತು. ಉಪಗ್ರಹದ ಕೊಂಡಿಗೂ ಶೀತಲ ಸಮರದ ಹಿನ್ನೆಲೆಯಿತ್ತು. 1973ರಲ್ಲಿ ಅರ್ಪಾನೆಟ್ ಅಮೆರಿಕದಾಚೆ ನಾರ್ವೆಯ ನಾರ್ಸಾರ್ ಕೇಂದ್ರಕ್ಕೆ ಮುಟ್ಟಿತು. ಸೋವಿಯತ್ ಒಕ್ಕೂಟದ ಭೂಗತ ಅಣುಪರೀಕ್ಷೆಗಳ ಕಂಪನವನ್ನು ಆಲಿಸುತ್ತಿದ್ದ ಕೇಂದ್ರ ಅದು.

ಈ ಮೂರು ಜಾಲಗಳ ಸ್ವಭಾವವೇ ಬೇರೆ. ಅರ್ಪಾನೆಟ್ಟಿನಲ್ಲಿ ಪ್ಯಾಕೆಟ್ಟು ಕಳೆದುಹೋಗದಂತೆ ಜಾಲವೇ ನೋಡಿಕೊಳ್ಳುತ್ತಿತ್ತು, ಕಂಪ್ಯೂಟರುಗಳು ಕಣ್ಣುಮುಚ್ಚಿ ನಂಬುತ್ತಿದ್ದವು. ರಣರಂಗದ ರೇಡಿಯೋವನ್ನು ಹಾಗೆ ನಂಬಲಾಗುವುದಿಲ್ಲ. ಲಾರಿ ಗುಡ್ಡದ ಮರೆಗೆ ಹೋದರೆ ಸಂಕೇತ ಕಡಿಯುತ್ತದೆ, ಸುರಂಗಕ್ಕೆ ಹೊಕ್ಕರೆ ಕಡಿಯುತ್ತದೆ, ಶತ್ರು ಬೇಕೆಂದೇ ಗದ್ದಲ ಎಬ್ಬಿಸಿಯೂ ಕಡಿಯಬಹುದು. ಕಾನ್ ಮತ್ತು ವಿಂಟ್ ಸೆರ್ಫ್ ಈ ತೊಡಕನ್ನೇ ತಳಪಾಯ ಮಾಡಿಕೊಂಡರು. ಜಾಲವನ್ನು ನಂಬಲೇಬೇಡಿ; ಕಳಿಸುವವರು ಲೆಕ್ಕ ಇಟ್ಟುಕೊಳ್ಳಲಿ, ಪಡೆಯುವವರು ಕೈಸೇರಿತೆಂದು ತಿಳಿಸಲಿ, ತಿಳಿಸದಿದ್ದರೆ ಮತ್ತೆ ಕಳಿಸಲಿ. ಜಾಲಗಳ ಗಡಿಯಲ್ಲಿ ಒಂದು ‘ಗೇಟ್‌ವೇ’ ನಿಂತು ಪ್ಯಾಕೆಟ್ಟಿನ ವಿಳಾಸ ನೋಡಿ ಆಚೆಗೆ ದಾಟಿಸಿದರೆ ಸಾಕು. ಫ್ರಾನ್ಸಿನಲ್ಲಿ ಲೂಯಿ ಪೂಜಾನ್ ಅವರ ‘ಸಿಕ್ಲಾಡ್’ ಜಾಲವೂ ಇದೇ ದಾರಿ ಹಿಡಿದಿತ್ತು, ಅದರಿಂದಲೂ ಇವರು ಕಲಿತರು. 1974ರ ಮೇ ತಿಂಗಳಲ್ಲಿ ಪ್ರಕಟವಾದ ಅವರ ಪ್ರಬಂಧವೇ ಇಂದಿನ ಟಿಸಿಪಿ/ಐಪಿಯ ಬೀಜ. ನಿಮ್ಮ ಫೋನು ರೈಲಿನಲ್ಲಿ ಹೋಗುವಾಗ ಸಿಗ್ನಲ್ ತಪ್ಪಿ ಮತ್ತೆ ಸಿಕ್ಕಾಗ ಅರ್ಧಕ್ಕೆ ನಿಂತ ಚಿತ್ರ ಮುಂದುವರಿಯುವುದರ ಹಿಂದೆ ಅಂದು ರೇಡಿಯೋ ಹೊತ್ತು ಓಡಾಡುವ ಸೈನಿಕ ವಾಹನಕ್ಕಾಗಿ ಮಾಡಿದ ಈ ಯೋಚನೆಯಿದೆ.

ಪರೀಕ್ಷೆ ನಡೆದದ್ದು 1977ರ ನವೆಂಬರ್ 22ರಂದು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ವ್ಯಾನೊಂದು ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಹೆದ್ದಾರಿಯಲ್ಲಿ ಓಡುತ್ತಿತ್ತು. ಅದರೊಳಗಿನ ರೇಡಿಯೋದಿಂದ ಹೊರಟ ಪ್ಯಾಕೆಟ್ಟುಗಳು ಅರ್ಪಾನೆಟ್ ಹಿಡಿದು, ನಾರ್ವೆ ಮತ್ತು ಲಂಡನ್ ಮುಟ್ಟಿ, ಅಟ್ಲಾಂಟಿಕ್ ಮೇಲಿನ ಉಪಗ್ರಹದ ಮೂಲಕ ಅಮೆರಿಕಕ್ಕೆ ಮರಳಿ, ಲಾಸ್ ಏಂಜಲೀಸ್ ಬಳಿಯ ಒಂದು ಕಂಪ್ಯೂಟರನ್ನು ತಲುಪಿದವು. ವ್ಯಾನಿನಿಂದ ಆ ಕಂಪ್ಯೂಟರಿಗೆ ನೇರ ದಾರಿ ಕೆಲವು ನೂರು ಮೈಲಿ. ಪ್ಯಾಕೆಟ್ಟುಗಳು ಹೋಗಿ ಬಂದ ದಾರಿ ಸೆರ್ಫ್ ಅವರ ಲೆಕ್ಕದಲ್ಲಿ ಸುಮಾರು 94,000 ಮೈಲಿ. ಮೂರು ಬೇರೆ ಬೇರೆ ಜಾಲಗಳು ಅಂದು ಒಂದೇ ಜಾಲದಂತೆ ನಡೆದುಕೊಂಡವು.

ಈ ವರ್ಷಗಳ ಒಂದು ವಿವರ ಮುಂದಿನ ಕತೆಗೆ ಮುಖ್ಯ. ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸಿ ಕಳಿಸುವ ಸುರಕ್ಷಿತ ಇಂಟರ್ನೆಟ್ ಒಂದನ್ನು ರೂಪಿಸಲು ಎಪ್ಪತ್ತರ ದಶಕದ ನಡುಭಾಗದಲ್ಲೇ ತಾವು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಜೊತೆ ಕೆಲಸ ಮಾಡಿದ್ದಾಗಿಯೂ ಅದು ಗೋಪ್ಯವಾದ್ದರಿಂದ ವಿಶ್ವವಿದ್ಯಾಲಯದ ಸಹೋದ್ಯೋಗಿಗಳಿಗೆ ಹೇಳಲಾಗಲಿಲ್ಲವೆಂದೂ ಸೆರ್ಫ್ ಆಮೇಲೆ ಹೇಳಿದ್ದಾರೆ. ಬರಾನ್ ತಮ್ಮ ಜಾಲವನ್ನು ಎದುರಾಳಿಗೂ ತೋರಿಸಿದ್ದರು. ಹತ್ತು ವರ್ಷಗಳ ನಂತರ ಬೀಗದ ವಿದ್ಯೆಯನ್ನು ಪಕ್ಕದ ಮೇಜಿನವರಿಗೂ ತೋರಿಸುವಂತಿರಲಿಲ್ಲ. ಹೀಗಾಗಿ ಜಗತ್ತಿಗೆ ಸಿಕ್ಕ ಇಂಟರ್ನೆಟ್ ಬೀಗವಿಲ್ಲದ್ದು.

ಬೇಲಿ

ಪ್ರಯೋಗವೆಂದು ಶುರುವಾದ ಅರ್ಪಾನೆಟ್ 1975ರಲ್ಲಿ ರಕ್ಷಣಾ ಸಂಪರ್ಕ ಇಲಾಖೆಯ ಆಡಳಿತಕ್ಕೆ ಬಂದಿತ್ತು. ಬರಾನ್ ಯಾರ ಕೈಗೆ ತಮ್ಮ ಯೋಜನೆ ಹೋಗಬಾರದೆಂದಿದ್ದರೋ ಅದೇ ಇಲಾಖೆ. ಅದರ ಮನಸ್ಸು ಮಾತ್ರ ಬೇರೆ ಕಡೆಗಿತ್ತು. ಸೈನ್ಯದ ಹಳೆಯ ತಂತಿ ಸಂದೇಶ ವ್ಯವಸ್ಥೆ ಆಟೊಡಿನ್‌ಗೆ ಬದಲಾಗಿ ಆಟೊಡಿನ್-2 ಎಂಬ ಹೊಸ ಜಾಲವನ್ನು ವೆಸ್ಟರ್ನ್ ಯೂನಿಯನ್ ಕಂಪನಿಯಿಂದ ಕಟ್ಟಿಸಲಾಗುತ್ತಿತ್ತು. ಭಾರಿ ಕಾವಲಿನ ಬೆರಳೆಣಿಕೆಯ ದೊಡ್ಡ ಕೇಂದ್ರಗಳ ಮೂಲಕ ಎಲ್ಲ ಸಂದೇಶಗಳೂ ಹಾಯುವ ವ್ಯವಸ್ಥೆ, ಅಂದರೆ ಮತ್ತೆ ಮರವೇ. ಕೆಲಸ ತಡವಾಯಿತು, ವೆಚ್ಚ ಏರಿತು. ಕೇಂದ್ರಗಳು ಇಷ್ಟು ಕಡಿಮೆಯಿದ್ದರೆ ಯುದ್ಧದಲ್ಲಿ ಉಳಿಯುತ್ತವೆಯೇ ಎಂಬ ಪ್ರಶ್ನೆ ಎದ್ದಿತು. 1982ರಲ್ಲಿ ಪೆಂಟಗನ್ ಆಟೊಡಿನ್-2ನ್ನು ಕೈಬಿಟ್ಟು, ಅರ್ಪಾನೆಟ್ಟಿನ ತಂತ್ರಜ್ಞಾನದ ಮೇಲೇ ರಕ್ಷಣಾ ದತ್ತಾಂಶ ಜಾಲ ಕಟ್ಟಲು ತೀರ್ಮಾನಿಸಿತು. ಬರಾನ್ ಅವರ ವರದಿ ಪ್ರಕಟವಾಗಿ ಆಗ ಹದಿನೆಂಟು ವರ್ಷ. ಬಾಂಬು ತಾಳಿಕೊಳ್ಳುವ ವಾದ ಗೆದ್ದದ್ದು ಜಾಲ ಹುಟ್ಟುವಾಗ ಅಲ್ಲ, ಜಾಲ ಬೆಳೆದು ದೊಡ್ಡದಾದ ಮೇಲೆ.

ಅದೇ ವರ್ಷ ಟಿಸಿಪಿ/ಐಪಿಯನ್ನು ಸೈನ್ಯದ ಎಲ್ಲ ಕಂಪ್ಯೂಟರ್ ಜಾಲಗಳಿಗೂ ಕಡ್ಡಾಯ ಮಾನದಂಡವೆಂದು ಸಾರಲಾಯಿತು. 1983ರ ಜನವರಿ 1ರಂದು ಅರ್ಪಾನೆಟ್ಟಿನ ಹಳೆಯ ಪ್ರೋಟೋಕಾಲ್ ನಿಲ್ಲಿಸಿ ಎಲ್ಲರೂ ಹೊಸದಕ್ಕೆ ದಾಟಬೇಕೆಂಬ ಆದೇಶ ಬಂತು. ದಾಟದವರ ಸಂಪರ್ಕ ಕಡಿಯಿತು. ಸ್ವತಂತ್ರ ಮನೋಭಾವದ ವಿಜ್ಞಾನಿಗಳು ಕೂಡಿ ಕಟ್ಟಿದ್ದೆಂದು ಹೇಳುವ ಇಂಟರ್ನೆಟ್ಟಿನ ಹುಟ್ಟುಹಬ್ಬದ ದಿನ ಇದು. ಅದು ಸಾಧ್ಯವಾದದ್ದು ಸೈನಿಕ ಇಲಾಖೆಯೊಂದರ ಕಟ್ಟಪ್ಪಣೆಯಿಂದ.

ಅಪ್ಪಣೆಯ ಬೆನ್ನಿಗೇ ಬೇಲಿ ಬಂತು. 1983ರ ಅಕ್ಟೋಬರಿನಲ್ಲಿ ಜಾಲವನ್ನು ಎರಡಾಗಿ ಸೀಳಲಾಯಿತು. ಒಟ್ಟು 113 ಕೇಂದ್ರಗಳಲ್ಲಿ 68 ಹೊಸ ‘ಮಿಲ್‌ನೆಟ್’ಗೆ ಹೋದವು, ಉಳಿದವು ಸಂಶೋಧಕರ ಪಾಲಿಗೆ. ಮನೆಯ ಮೋಡೆಮ್ಮಿನಿಂದ ಹುಡುಗರು ಒಳನುಗ್ಗಬಹುದೆಂಬ ಆತಂಕ ಆಗಲೇ ಹಬ್ಬಿತ್ತು. ಆದರೂ ಸಂಬಂಧ ಪೂರ್ತಿ ಹರಿಯಲಿಲ್ಲ. ಮಿಂಚಂಚೆ ಆಚೀಚೆ ಹೋಗಲೆಂದು ಎರಡರ ನಡುವೆ ಕೆಲವು ‘ಮೇಲ್ ಬ್ರಿಡ್ಜ್’ಗಳನ್ನು ಉಳಿಸಿಕೊಂಡರು.

ಬೇಲಿ ಎಷ್ಟು ಗಟ್ಟಿ ಎಂಬುದು 1986ರಲ್ಲಿ ಗೊತ್ತಾಯಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಖಗೋಳಶಾಸ್ತ್ರ ಓದಿದ ಕ್ಲಿಫರ್ಡ್ ಸ್ಟೋಲ್ ಎಂಬವರಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್‌ಗಳ ವ್ಯತ್ಯಾಸ ಕಾಣಿಸಿತು. ಅದರ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಪಶ್ಚಿಮ ಜರ್ಮನಿಯ ಹ್ಯಾನೋವರಿನಲ್ಲಿ ಕೂತಿದ್ದ ಹ್ಯಾಕರ್. ಮಿಲ್‌ನೆಟ್ ಸೇರಿದಂತೆ ಹಲವು ಜಾಲಗಳ ನಾನೂರಕ್ಕೂ ಹೆಚ್ಚು ಕಂಪ್ಯೂಟರುಗಳ ಬಾಗಿಲು ತಟ್ಟಿ ಮೂವತ್ತಕ್ಕೂ ಹೆಚ್ಚಿನವುಗಳ ಒಳಗೆ ಹೊಕ್ಕು ಸಿಕ್ಕಿದ್ದನ್ನು ಕೆಜಿಬಿಗೆ ಮಾರುತ್ತಿದ್ದ ಗುಂಪಿಗೆ ಸೇರಿದವನು. ಬಹಳ ಕಡೆ ಬಾಗಿಲು ಒಡೆಯಬೇಕಾಗಿಯೂ ಬರಲಿಲ್ಲ, ಯಂತ್ರ ಕೊಂಡಾಗ ಬಂದ ಪಾಸ್‌ವರ್ಡನ್ನೇ ಯಾರೂ ಬದಲಿಸಿರಲಿಲ್ಲ.

ಎರಡು ವರ್ಷಗಳ ನಂತರ, 1988ರ ನವೆಂಬರ್ 2ರ ರಾತ್ರಿ, ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ‘ವರ್ಮ್’ ಸಾವಿರಾರು ಯಂತ್ರಗಳನ್ನು ಉಸಿರುಗಟ್ಟಿಸಿತು. ಗಾಬರಿಗೊಂಡ ಸೈನ್ಯ ಮಿಲ್‌ನೆಟ್ಟಿನ ಸೇತುವೆಗಳನ್ನು ಕಡಿದುಹಾಕಿತು. ಬರ್ಕ್ಲಿಯಲ್ಲೂ ಎಂಐಟಿಯಲ್ಲೂ ನಿದ್ದೆಗೆಟ್ಟು ಕೂತವರು ಒಂದೆರಡು ದಿನಗಳಲ್ಲಿ ಅದಕ್ಕೆ ಮದ್ದು ಕಂಡುಹಿಡಿದರು. ಮದ್ದನ್ನು ಹಂಚಬೇಕಾದದ್ದೂ ಅದೇ ಜಾಲದ ಮೂಲಕ. ಸಂಪರ್ಕ ಕಡಿದುಕೊಂಡು ಕೂತವರಿಗೆ ರೋಗದ ಜೊತೆಗೆ ಮದ್ದೂ ತಲುಪಲಿಲ್ಲ. 1990ರಲ್ಲಿ ಅರ್ಪಾನೆಟ್ಟನ್ನು ಮುಚ್ಚಲಾಯಿತು. ಸೈನ್ಯದ ಪಾಲು ಹೊಸ ಹೆಸರುಗಳಲ್ಲಿ ಮುಂದುವರಿಯಿತು. ಗೋಪ್ಯ ಸಂದೇಶಗಳಿಗೆ ಬೇರೆ ಜಾಲ, ಸಾಮಾನ್ಯ ಸಂದೇಶಗಳಿಗೆ ಬೇರೆ.

ಬಾಗಿಲ ಕೀಲಿ

ಈ ನಾಲ್ಕು ಹೆಜ್ಜೆಗಳ ನಂತರ ಮೊದಲ ಪ್ರಶ್ನೆಗೆ ಬರೋಣ. ಇಂಟರ್ನೆಟ್ಟು ಯುದ್ಧದ ಕೂಸೇ? ಪ್ಯಾಕೆಟ್ಟಿನ ಕಲ್ಪನೆ ಒಮ್ಮೆ ಯುದ್ಧದ ಭಯದಿಂದಲೂ ಇನ್ನೊಮ್ಮೆ ಅದರ ಸೋಂಕಿಲ್ಲದೆಯೂ ಹುಟ್ಟಿತು. ಅರ್ಪಾನೆಟ್ ವಿಜ್ಞಾನಿಗಳ ಅನುಕೂಲಕ್ಕೆ ಹುಟ್ಟಿತು. ಜಾಲಗಳನ್ನು ಬೆಸೆಯುವ ವಿದ್ಯೆ ರಣರಂಗವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂತು. ಒಂದು ಯಂತ್ರದ ಉದ್ದೇಶ ಅದು ಹುಟ್ಟಿದ ಗಳಿಗೆಯಲ್ಲಿ ಜಾತಕದಂತೆ ಬರೆದುಬಿಡುವ ಸಂಗತಿಯಲ್ಲ. ಹಣ ಕೊಟ್ಟವರು, ತಂತಿಯ ಒಡೆಯರು, ಅಪ್ಪಣೆ ಕೊಡಬಲ್ಲವರು ಅದನ್ನು ಪ್ರತಿ ತಿರುವಿನಲ್ಲೂ ಹೊಸದಾಗಿ ಬರೆಯುತ್ತಾರೆ.

ಇದು ಮುಗಿದ ಕತೆಯೂ ಅಲ್ಲ. 2022ರ ಫೆಬ್ರವರಿ 24ರ ಬೆಳಗಿನ ಜಾವ ರಷ್ಯಾದ ಪಡೆಗಳು ಉಕ್ರೇನಿಗೆ ನುಗ್ಗುವುದಕ್ಕೆ ಸ್ವಲ್ಪ ಮುಂಚೆ, ಉಕ್ರೇನಿನ ಸೈನ್ಯವೂ ಬಳಸುತ್ತಿದ್ದ ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲದ ಮೇಲೆ ಸೈಬರ್ ದಾಳಿಯಾಯಿತು. ಸಾವಿರಾರು ಮೋಡೆಮ್ಮುಗಳು ಒಮ್ಮೆಗೇ ನಿಷ್ಪ್ರಯೋಜಕವಾದವು. ಯುದ್ಧಕ್ಕೆ ಸಂಬಂಧವೇ ಇಲ್ಲದ ಜರ್ಮನಿಯ ಸುಮಾರು 5,800 ಗಾಳಿಯಂತ್ರಗಳನ್ನು ದೂರದಿಂದ ನೋಡಿಕೊಳ್ಳುವ ಕೊಂಡಿಯೂ ಕಡಿಯಿತು. ಎರಡು ದಿನಗಳ ನಂತರ ಉಕ್ರೇನಿನ ಸಚಿವರೊಬ್ಬರು ಬಹಿರಂಗವಾಗಿ ಕೇಳಿಕೊಂಡಾಗ ಸ್ಟಾರ್‌ಲಿಂಕ್ ಅಲ್ಲಿ ಸೇವೆ ತೆರೆಯಿತು. ಸಾವಿರಾರು ಪುಟ್ಟ ಉಪಗ್ರಹಗಳ ಆ ಜಾಲ ಆಕಾಶದಲ್ಲಿ ಹರಡಿದ ಬರಾನ್ ಅವರ ಬಲೆಯಂತೆಯೇ ಇದೆ. ಒಂದನ್ನು ಹೊಡೆದರೆ ಇನ್ನೊಂದಿದೆ. ಆದರೆ ಕ್ರಿಮಿಯಾದ ಸೆವಾಸ್ಟೊಪೋಲ್‌ವರೆಗೆ ಸೇವೆ ತೆರೆಯಿರೆಂಬ ಉಕ್ರೇನಿನ ಕೋರಿಕೆಯನ್ನು ತಾವು ಒಪ್ಪಲಿಲ್ಲವೆಂದು ಅದರ ಒಡೆಯ ಇಲಾನ್ ಮಸ್ಕ್ 2023ರಲ್ಲಿ ತಿಳಿಸಿದರು. ಆ ನಿರ್ಧಾರ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಅದನ್ನು ಒಬ್ಬರೇ ಮಾಡಬಹುದಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಅರವತ್ತರ ದಶಕದಲ್ಲಿ ಬರಾನ್ ಅವರ ಬಲೆಯನ್ನು ತಡೆದದ್ದು ಬಾಂಬಲ್ಲ, ತಂತಿಯ ಒಡೆತನವಿದ್ದ ಒಂದು ಕಂಪನಿಯ ‘ಆಗುವುದಿಲ್ಲ’ ಎಂಬ ಮಾತು. ಈಗ ಬಲೆ ಇದೆ, ಗಂಟುಗಳು ಸಾವಿರಾರು, ದಾರಿಗಳು ಲೆಕ್ಕವಿಲ್ಲದಷ್ಟು. ಎಲ್ಲ ದಾರಿಗಳ ಬಾಗಿಲಿಗೂ ಒಂದೇ ಕೀಲಿಯಾದರೆ ಮಾತ್ರ ಅದು ನೋಟಕ್ಕೆ ಬಲೆ, ಒಳಗೆ ಹಳೆಯ ಮರವೇ. ಯಜಮಾನ ಯಂತ್ರವಿಲ್ಲದ ಜಾಲವನ್ನು ಬಿಡಿಸಿ, ಅದನ್ನು ಶತ್ರುವೂ ಓದಲೆಂದು ತೆರೆದಿಟ್ಟ ಮನುಷ್ಯನ ಹನ್ನೊಂದು ಸಂಪುಟಗಳನ್ನು ಇಂದಿಗೂ ಯಾರು ಬೇಕಾದರೂ ಓದಬಹುದು.